ಜೀನ್ ಚಿಕಿತ್ಸೆಯ ವೈರಸ್‌ಗೆ ಲಿವರ್‌ನ ದಾರಿ ಹೇಗೆ ಗೊತ್ತಾಗುತ್ತದೆ? ತಮ್ಮನಿಗೋಸ್ಕರ ಕೇಳುತ್ತಿದ್ದೇನೆ

ನಿಟ್ಟುವಳ್ಳಿ ಅಕ್ಕ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ನಿಟ್ಟುವಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ 24 ವರ್ಷ. ಹಿಮೋಫಿಲಿಯಾ ಎ, ಸಿವಿಯರ್. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅವನ ಮೈಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಮೊನ್ನೆ ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ಎಡ ಮಂಡಿ ಬಿಗಿಯುತ್ತಿದೆ ಅಂದ. ಊತ ಕಣ್ಣಿಗೆ ಕಾಣುವ ಮೊದಲೇ ಅವನಿಗೆ ಒಳಗೆ ಜುಮುಜುಮು ಅನ್ನುತ್ತದೆ. ಫ್ರಿಜ್‌ನಿಂದ ಫ್ಯಾಕ್ಟರ್ ತೆಗೆದೆ. ಪುಡಿಯ ಬಾಟಲಿ, ನೀರಿನ ಬಾಟಲಿ ಎರಡನ್ನೂ ಮುಷ್ಟಿಯಲ್ಲಿ ಹಿಡಿದು ತಂಪು ಬಿಡಿಸಬೇಕು. ನೀರು ಪುಡಿಗೆ ಇಳಿದ ಮೇಲೆ ಕುಲುಕಬಾರದು, ನೊರೆ ಬರುತ್ತದೆ. ಬತ್ತಿ ಹೊಸೆಯುವ ಹಾಗೆ ಎರಡು ಅಂಗೈ ನಡುವೆ ನಿಧಾನಕ್ಕೆ ಹೊರಳಿಸಬೇಕು. ಅಷ್ಟರಲ್ಲಿ ಕರೆಂಟ್ ಹೋಯಿತು. ಅಮ್ಮ ಮೊಬೈಲ್ ಟಾರ್ಚ್ ಹಿಡಿದರು, ನಾನು ಬಟರ್‌ಫ್ಲೈ ಸೂಜಿ ಚುಚ್ಚಿದೆ. ಎರಡನೇ ಸಲಕ್ಕೆ ನರ ಸಿಕ್ಕಿತು. ಚುಚ್ಚಿ ಚುಚ್ಚಿ ಅವನ ಕೈ ನರಗಳೆಲ್ಲ ಗಟ್ಟಿಯಾಗಿವೆ.

ನಮ್ಮೂರಿನಲ್ಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ನಮ್ಮ ಪುಣ್ಯ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೂ ಇದೇ ಕಾಯಿಲೆ ಇದೆ. ಹಾಗಾಗಿ ನೋವು ಅಂದರೆ ಏನು ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಫ್ಯಾಕ್ಟರ್ ಹಾಕಿದರೆ ಒಂದೆರಡು ದಿನದ ಮಾತು. ಮತ್ತೆ ಅದೇ.

ಈಗ ಎಲ್ಲರೂ ಜೀನ್ ಚಿಕಿತ್ಸೆ ಅನ್ನುತ್ತಿದ್ದಾರೆ. ವೈರಸ್ ಒಳಗೆ ಒಳ್ಳೆಯ ಜೀನ್ ಇಟ್ಟು ರಕ್ತಕ್ಕೆ ಬಿಡುತ್ತಾರಂತೆ, ಅದು ಲಿವರ್‌ಗೆ ಹೋಗುತ್ತದಂತೆ. ಮೈಯಲ್ಲಿ ಅಷ್ಟೊಂದು ಅಂಗ ಇರುವಾಗ ಅದು ಲಿವರ್‌ಗೇ ಹೇಗೆ ಹೋಗುತ್ತದೆ? ತಪ್ಪಿ ಮೆದುಳಿಗೋ ಹೃದಯಕ್ಕೋ ಹೋದರೆ? ಅಪ್ಪ ಅಂತೂ "ವೈರಸ್ ಅಂದ್ರೆ ಕೊರೊನಾ ಥರ ಅಲ್ವಾ, ಬೇಡವೇ ಬೇಡ" ಅಂತ ಕೂತಿದ್ದಾರೆ. ಗೊತ್ತಿರುವವರು ದಯವಿಟ್ಟು ಸರಳವಾಗಿ ಹೇಳಿ.

ದುರ್ಗದ ಮೇಷ್ಟ್ರು:

ತಾಯಿ, ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಚಿತ್ರದುರ್ಗ ಕೋಟೆಯ ಬುಡದಲ್ಲೇ ಮನೆ. ಮಕ್ಕಳಿಗೆ ಹೇಳುತ್ತಿದ್ದ ಹಾಗೇ ಹೇಳುತ್ತೇನೆ.

ಏಳು ಸುತ್ತಿನ ಕೋಟೆ ನೋಡಿದ್ದೀರಲ್ಲ? ಹೈದರಾಲಿಯ ಸೈನ್ಯಕ್ಕೆ ದೊಡ್ಡ ಬಾಗಿಲಿನಿಂದ ನುಗ್ಗಲು ಆಗಲಿಲ್ಲ. ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ ಹುಡುಕಿಕೊಂಡು ಬಂದರು. ನಮ್ಮ ಜೀವಕೋಶಗಳೂ ಹಾಗೆಯೇ. ಸುತ್ತ ಗೋಡೆ, ಅಲ್ಲಲ್ಲಿ ಕಿಂಡಿ. ಒಂದೊಂದು ಬಗೆಯ ಕೋಶಕ್ಕೆ ಒಂದೊಂದು ಆಕಾರದ ಕಿಂಡಿ. ಇದನ್ನು ರಿಸೆಪ್ಟರ್ ಅನ್ನುತ್ತಾರೆ. ಯಾವ ವೈರಸ್‌ನ ಮೈ ಯಾವ ಕಿಂಡಿಗೆ ಹೊಂದುತ್ತದೋ ಅದು ಆ ಕೋಶಕ್ಕೆ ಹೋಗುತ್ತದೆ. ವಿಜ್ಞಾನಿಗಳು ವೈರಸ್‌ನ ಮೈಯನ್ನು ಕೆತ್ತಿ ತಮಗೆ ಬೇಕಾದ ಕಿಂಡಿಗೆ ಹೊಂದಿಸುತ್ತಿದ್ದಾರೆ. ಕಿಂಡಿಯ ಒಳಗೆ ಒನಕೆ ಹಿಡಿದ ಓಬವ್ವ ನಿಂತಿರುತ್ತಾಳೆ ಅನ್ನುವುದನ್ನೂ ನೆನಪಿಡಿ. ನಮ್ಮ ರಕ್ತದಲ್ಲಿ ವೈರಸ್ ಹೊಡೆಯುವ ಆಂಟಿಬಾಡಿಗಳೇ ಆ ಓಬವ್ವ.

ಲ್ಯಾಬ್ ತಂಗಿ:

ಮೇಷ್ಟ್ರೇ, ಕಿಂಡಿಯ ಮಾತು ತುಂಬಾ ಚೆನ್ನಾಗಿದೆ, ನಾನೂ ಇನ್ನು ಮೇಲೆ ಬಳಸುತ್ತೇನೆ. ಒಂದೇ ಒಂದು ತಿದ್ದುಪಡಿ. ವೈರಸ್ ಕಿಂಡಿಯಲ್ಲಿ ನುಸುಳುವುದಿಲ್ಲ. ರಿಸೆಪ್ಟರ್‌ಗೆ ಅಂಟಿಕೊಂಡ ಮೇಲೆ ಕೋಶವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಮನೆಯವರೇ ಬಾಗಿಲು ತೆಗೆದು ಕರೆದ ಹಾಗೆ.

ಅಕ್ಕ, ನಾನು ದಾವಣಗೆರೆಯ ವಿದ್ಯಾನಗರದವಳು. ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದೇ ವೈರಸ್ ಜೊತೆ ದಿನವೂ ಕೆಲಸ. ಮೊದಲು ಅಪ್ಪನ ಪ್ರಶ್ನೆಗೆ ಉತ್ತರ. ಈ ವೈರಸ್‌ಗೂ ಕೊರೊನಾಗೂ ಯಾವ ನೆಂಟಸ್ತಿಕೆಯೂ ಇಲ್ಲ. ಇದರ ಹೆಸರು ಎಎವಿ, ಪೂರ್ತಿ ಹೇಳಿದರೆ ಅಡೆನೊ ಅಸೋಸಿಯೇಟೆಡ್ ವೈರಸ್. 1965ರಲ್ಲಿ ಬೇರೊಂದು ವೈರಸ್ ಬೆಳೆಸುವಾಗ ಅದರ ಜೊತೆ ಕಳೆಯ ಹಾಗೆ ಸಿಕ್ಕಿತು. ಇದರಿಂದ ಮನುಷ್ಯರಿಗೆ ಇಂಥ ಕಾಯಿಲೆ ಬರುತ್ತದೆ ಅಂತ ಖಚಿತವಾಗಿ ಗೊತ್ತಾಗಿರುವುದು ಒಂದೂ ಇಲ್ಲ. ಒಬ್ಬಂಟಿಯಾಗಿ ಮರಿ ಹಾಕಲೂ ಬಾರದು, ಸಹಾಯಕ್ಕೆ ಇನ್ನೊಂದು ವೈರಸ್ ಬೇಕು. ಚಿಕಿತ್ಸೆಗೆ ಬಳಸುವಾಗ ಅದರ ಸ್ವಂತ ಜೀನ್‌ಗಳನ್ನೆಲ್ಲ ತೆಗೆದು ನಮಗೆ ಬೇಕಾದ ಜೀನ್ ಇಡುತ್ತೇವೆ. ಉಳಿಯುವುದು ಹೊರಗಿನ ಚಿಪ್ಪು ಮಾತ್ರ. ಗಾತ್ರ 25 ನ್ಯಾನೋಮೀಟರ್. ಒಂದು ತಲೆಕೂದಲಿನ ದಪ್ಪದಲ್ಲಿ ಸುಮಾರು 3 ಸಾವಿರವನ್ನು ಸಾಲಾಗಿ ಜೋಡಿಸಬಹುದು. ಆ ಚಿಪ್ಪು 60 ಪ್ರೋಟೀನ್ ತುಂಡುಗಳು ಸೇರಿ ಆಗಿದೆ.

ಈಗ ನಿಮ್ಮ ಪ್ರಶ್ನೆ. ನಿಜ ಹೇಳಬೇಕೆಂದರೆ ವೈರಸ್‌ಗೆ ದಾರಿ ಗೊತ್ತಿಲ್ಲ. ರಕ್ತಕ್ಕೆ ಬಿಟ್ಟರೆ ಅದು ಎಲ್ಲ ಕಡೆಗೂ ಹೋಗುತ್ತದೆ. ಆದರೆ ಲಿವರ್‌ನ ಸಣ್ಣ ರಕ್ತನಾಳಗಳ ಗೋಡೆ ಜರಡಿ ಇದ್ದ ಹಾಗೆ, ತೂತುಗಳೇ ಜಾಸ್ತಿ. 25 ನ್ಯಾನೋಮೀಟರ್ ಕಣ ಆರಾಮಾಗಿ ದಾಟುತ್ತದೆ. ಮೈಯ ರಕ್ತವೆಲ್ಲ ಅಲ್ಲಿ ಹಾದು ಹೋಗುತ್ತಲೇ ಇರುತ್ತದೆ. ಹಾಗಾಗಿ ಏನೇ ಬಿಟ್ಟರೂ ದೊಡ್ಡ ಪಾಲು ಲಿವರ್‌ಗೇ ಸೇರುತ್ತದೆ. ಹಿಮೋಫಿಲಿಯಾಗೆ ಅದೇ ಬೇಕಿತ್ತು ನೋಡಿ. ಜೀನ್ ಚಿಕಿತ್ಸೆ ಇದರಲ್ಲಿ ಬೇಗ ದಾರಿ ಕಂಡಿದ್ದಕ್ಕೆ ಇದೂ ಒಂದು ಕಾರಣ.

ಮೆದುಳಿಗೆ ಹೋದರೆ ಅಂತ ಕೇಳಿದಿರಿ. ಅದಕ್ಕೆ ಎರಡನೇ ಕಾವಲು ಇದೆ. ಜೀನ್ ಮುಂದೆ ಪ್ರೊಮೋಟರ್ ಅಂತ ಒಂದು ತುಣುಕು ಇಡುತ್ತೇವೆ. ಅದು ಸ್ವಿಚ್. ಲಿವರ್ ಕೋಶದಲ್ಲಿ ಮಾತ್ರ ಆನ್ ಆಗುವ ಸ್ವಿಚ್ ಇಟ್ಟರೆ, ವೈರಸ್ ಬೇರೆ ಕಡೆ ಹೋದರೂ ಅಲ್ಲಿ ಜೀನ್ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ. ತಿರುಗುಮುರುಗು ಮಾಡಲೂ ಬರುತ್ತದೆ. ಲಿವರ್‌ನಲ್ಲಿ ಮಿರ್-122 ಅನ್ನುವ ಪುಟ್ಟ ಆರ್‌ಎನ್‌ಎ ಯಥೇಚ್ಛ ಇರುತ್ತದೆ, ಬೇರೆ ಕಡೆ ತೀರಾ ಕಮ್ಮಿ. ಅದು ಹಿಡಿದು ಕತ್ತರಿಸುವಂಥ ಗುರುತನ್ನು ನಮ್ಮ ಜೀನ್‌ನ ಬಾಲಕ್ಕೆ ಅಂಟಿಸಿದರೆ, ಲಿವರ್‌ನಲ್ಲಿ ಮಾತ್ರ ಆಫ್ ಆಗುತ್ತದೆ.

ಜಗಳೂರು ರೈತ:

ತಂಗಿ, ಚಿಪ್ಪನ್ನು ಕೆತ್ತುತ್ತಾರೆ ಅಂದರು ಮೇಷ್ಟ್ರು. ಅಷ್ಟು ಸಣ್ಣದನ್ನು ಹೇಗೆ ಕೆತ್ತುತ್ತಾರೆ? ಎಲ್ಲಿ ಕೆತ್ತಬೇಕು ಅಂತ ಮೊದಲೇ ಗೊತ್ತಿರುತ್ತದೆಯೋ, ಇಲ್ಲ ನಾವು ಬೀಜದ ತೆನೆ ಆರಿಸುವ ಹಾಗೋ?

ಲ್ಯಾಬ್ ತಂಗಿ:

ಅಣ್ಣ, ಎರಡೂ ಇದೆ, ಆದರೆ ಜಾಸ್ತಿ ಗೆದ್ದಿರುವುದು ನೀವು ಹೇಳಿದ ತೆನೆ ಆರಿಸುವ ದಾರಿ.

ಚಿಪ್ಪಿನ ಮೇಲೆ ಅಲ್ಲಲ್ಲಿ ಮುಳ್ಳಿನ ಹಾಗೆ ಎದ್ದ ಜಾಗಗಳಿವೆ. ಅಮೈನೋ ಆಮ್ಲ ಅಂದರೆ ಪ್ರೋಟೀನ್ ಸರದ ಒಂದೊಂದು ಮಣಿ. ಎಎವಿಯ ಒಂದು ಬಗೆಯಾದ ಎಎವಿ9ರಲ್ಲಿ 588ನೇ ಅಮೈನೋ ಆಮ್ಲದ ಹತ್ತಿರ ಒಂದು ಬಳೆಯಂಥ ತಿರುವು ಇದೆ. ಅಲ್ಲಿ 7 ಅಮೈನೋ ಆಮ್ಲಗಳ ತುಂಡನ್ನು ಸೇರಿಸಿದರೆ ಚಿಪ್ಪು ಒಡೆಯುವುದಿಲ್ಲ, ಆದರೆ ಹೊರಗಿನ ಮುಖ ಬದಲಾಗುತ್ತದೆ. ಅಮೈನೋ ಆಮ್ಲಗಳು 20 ಬಗೆ. 7 ಜಾಗಕ್ಕೆ ಲೆಕ್ಕ ಹಾಕಿದರೆ 128 ಕೋಟಿ ಬೇರೆ ಬೇರೆ ಮುಖ ಆಗಬಹುದು. ಅದರಲ್ಲಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಮುಖಗಳನ್ನು ಒಂದೇ ಟ್ಯೂಬ್‌ನಲ್ಲಿ ತಯಾರು ಮಾಡುತ್ತೇವೆ. ಇಲಿಯ ರಕ್ತಕ್ಕೆ ಬಿಡುತ್ತೇವೆ. ಕೆಲವು ದಿನ ಕಾದು, ಬೇಕಾದ ಅಂಗ ತೆಗೆದು, ಅಲ್ಲಿಗೆ ತಲುಪಿದವು ಯಾವುವು ಅಂತ ಓದುತ್ತೇವೆ. ತಲುಪಿದವನ್ನೇ ಮತ್ತೆ ಬೆಳೆಸಿ ಮತ್ತೆ ಬಿಡುತ್ತೇವೆ. ಎರಡು ಮೂರು ಸುತ್ತು ಆದ ಮೇಲೆ ಕೆಲವೇ ಮುಖ ಉಳಿಯುತ್ತವೆ. ಜೊಳ್ಳು ತೂರಿ ಕಾಳು ಉಳಿಸಿದ ಹಾಗೆ.

ಇದರಲ್ಲಿ ಒಂದು ಕತೆ ಹೇಳಲೇಬೇಕು, ನಮ್ಮ ಲ್ಯಾಬಿಗೆ ಹೊಸಬರು ಬಂದರೆ ಮೊದಲು ಇದನ್ನೇ ಹೇಳುತ್ತೇವೆ. 2016ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹೀಗೇ ಆರಿಸಿ ಪಿಎಚ್‌ಪಿ.ಬಿ ಅನ್ನುವ ಚಿಪ್ಪು ತೆಗೆದರು. ಮೆದುಳಿನ ರಕ್ತನಾಳದ ಗೋಡೆ ಬಹಳ ಬಿಗಿ, ಔಷಧಿಗಳೇ ದಾಟುವುದಿಲ್ಲ. ಈ ಚಿಪ್ಪು ಎಎವಿ9ಕ್ಕಿಂತ ಹತ್ತಾರು ಪಟ್ಟು ಜಾಸ್ತಿ ದಾಟಿತು. ಎಲ್ಲರಿಗೂ ಸಂಭ್ರಮ. ಆಮೇಲೆ ಕೋತಿಗೆ ಹಾಕಿ ನೋಡಿದರೆ ಆ ಶಕ್ತಿಯೇ ಇಲ್ಲ. ಕೋತಿ ಬಿಡಿ, ಇನ್ನೊಂದು ತಳಿಯ ಬಿಳಿ ಇಲಿಯಲ್ಲೇ ಕೆಲಸ ಮಾಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕಾರಣ 2019ರಲ್ಲಿ ಗೊತ್ತಾಯಿತು. ಆ ಚಿಪ್ಪು ಹಿಡಿಯುತ್ತಿದ್ದದ್ದು ಎಲ್‌ವೈ6ಎ ಅನ್ನುವ ಪ್ರೋಟೀನನ್ನು. ಅದು ಆ ಒಂದು ಇಲಿ ತಳಿಯ ಮೆದುಳಿನ ರಕ್ತನಾಳದಲ್ಲಿ ದಂಡಿಯಾಗಿ ಇತ್ತು. ಮನುಷ್ಯರಲ್ಲಿ ಅದೇ ಪ್ರೋಟೀನ್ ಇಲ್ಲ.

ಜಗಳೂರು ರೈತ:

ಅರ್ಥ ಆಯಿತು ತಂಗಿ. ಭದ್ರಾ ಕಾಲುವೆ ಕೆಳಗಿನ ಹೊಲದಲ್ಲಿ ಆರಿಸಿದ ಮೆಕ್ಕೆಜೋಳದ ಬೀಜ ತಂದು ನಮ್ಮ ಜಗಳೂರಿನ ಒಣಭೂಮಿಗೆ ಹಾಕಿದ ಹಾಗಾಯಿತು. ಅಲ್ಲಿ ತೆನೆ ಮೊಳದುದ್ದ, ಇಲ್ಲಿ ಗೇಣೂ ಬರುವುದಿಲ್ಲ. ನನಗೂ ಒಂದು ವರ್ಷ ಹಾಗೆ ಆಗಿದೆ, ನಾಲ್ಕು ಎಕರೆ ಹೋಯಿತು. ಬೀಜ ಎಲ್ಲಿ ಬಿತ್ತಬೇಕೋ ಅಲ್ಲೇ ಆರಿಸಬೇಕು. ಆದರೆ ಮನುಷ್ಯರ ಮೇಲೆ ಹೀಗೆ ಬಿಟ್ಟು ಆರಿಸಲು ಆಗುವುದಿಲ್ಲವಲ್ಲ?

ಲ್ಯಾಬ್ ತಂಗಿ:

ಆಗುವುದಿಲ್ಲ ಅಣ್ಣ, ಅಲ್ಲೇ ಗಂಟು ಇರುವುದು. ಅದಕ್ಕೆ ಈಗ ಕೆಲವರು ಲೆಕ್ಕವನ್ನೇ ಉಲ್ಟಾ ಮಾಡಿದ್ದಾರೆ. ಮೊದಲು ಮನುಷ್ಯರ ಮೆದುಳಿನ ರಕ್ತನಾಳದಲ್ಲಿ ಇದ್ದೇ ಇರುವ ರಿಸೆಪ್ಟರ್ ಒಂದನ್ನು ಹಿಡಿ, ಆಮೇಲೆ ಅದಕ್ಕೆ ಅಂಟುವ ಚಿಪ್ಪು ಹುಡುಕು. ಕಬ್ಬಿಣದ ಅಂಶವನ್ನು ಮೆದುಳಿಗೆ ಸಾಗಿಸುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಅಂಥದ್ದು. 2024ರಲ್ಲಿ ಬ್ರಾಡ್ ಇನ್‌ಸ್ಟಿಟ್ಯೂಟ್‌ನವರು ಮನುಷ್ಯರ ಆ ರಿಸೆಪ್ಟರ್‌ಗೇ ಅಂಟುವ ಚಿಪ್ಪು ಪ್ರಕಟಿಸಿದರು. ಮನುಷ್ಯರ ರಿಸೆಪ್ಟರ್ ಇಟ್ಟು ಬೆಳೆಸಿದ ಇಲಿಗಳಲ್ಲಿ ಅದು ಮೆದುಳಿನ ತುಂಬಾ ಹರಡಿತು. ಬಿತ್ತುವ ಮಣ್ಣನ್ನೇ ಕುಂಡಕ್ಕೆ ತುಂಬಿ ಬೀಜ ಆರಿಸಿದ ಹಾಗೆ ಅನ್ನಿ.

ಪತ್ರಿಕೆಯಲ್ಲಿ "ಜೀನ್ ಚಿಕಿತ್ಸೆಯಲ್ಲಿ ಕ್ರಾಂತಿ" ಅಂತ ಬಂದಾಗಲೆಲ್ಲ ನಾನು ಮೊದಲು ನೋಡುವುದು ಯಾವ ಪ್ರಾಣಿಯಲ್ಲಿ ಅಂತ. ಇಲಿ ಅಂತಿದ್ದರೆ ಯಾವ ತಳಿ ಅಂತ.

ಹೊಳಲ್ಕೆರೆ ಅಪ್ಪ:

ನಾನು ದಿನಾ ಈ ಚರ್ಚೆ ಓದುತ್ತಿದ್ದೆ, ಬರೆಯಲು ಧೈರ್ಯ ಬರಲಿಲ್ಲ. ನನ್ನ ಮಗನಿಗೆ 9 ವರ್ಷ, ಡುಶೆನ್ ಇದೆ. ಮಾಂಸಖಂಡ ಕ್ಷೀಣಿಸುವ ಕಾಯಿಲೆ. ಇನ್ನೂ ನಡೆಯುತ್ತಾನೆ. ನೆಲದಿಂದ ಏಳುವಾಗ ಮೊದಲು ಎರಡೂ ಕೈ ಊರುತ್ತಾನೆ, ಆಮೇಲೆ ತನ್ನ ಮೊಣಕಾಲನ್ನೇ ಹಿಡಿದು, ತೊಡೆ ಹಿಡಿದು, ಮೈ ಮೇಲೆ ತಾನೇ ಹತ್ತಿದ ಹಾಗೆ ಮೇಲೆ ಬರುತ್ತಾನೆ. ಶಾಲೆಯಲ್ಲಿ ಸೋಮಾರಿ ಅಂತ ಬೈದಿದ್ದರು, ಎರಡು ವರ್ಷ ಹಾಗೇ ಹೋಯಿತು.

ತಂಗಿ, ನೀವು ಲಿವರ್‌ಗೇ ಹೋಗುತ್ತದೆ ಅಂತ ಬರೆದದ್ದು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕನ ತಮ್ಮನಿಗೆ ಲಿವರ್ ಬೇಕು. ನನ್ನ ಮಗನಿಗೆ ಬೇಕಿರುವುದು ಕಾಲು, ಸೊಂಟ, ಎದೆ, ಮೈತುಂಬ ಇರುವ ಮಾಂಸಖಂಡ. ಹಾಗಾದರೆ ಹಾಕಿದ್ದೆಲ್ಲ ಲಿವರ್ ಪಾಲಾಗುತ್ತದಾ?

ಲ್ಯಾಬ್ ತಂಗಿ:

ಅಣ್ಣ, ಬರೆದಿದ್ದಕ್ಕೆ ಥ್ಯಾಂಕ್ಸ್. ಮುಚ್ಚಿಡದೆ ಹೇಳುತ್ತೇನೆ. ಹೌದು, ಡುಶೆನ್‌ನಲ್ಲಿ ದೊಡ್ಡ ಕಷ್ಟ ಅದೇ.

ಮೈತೂಕದಲ್ಲಿ ದೊಡ್ಡ ಪಾಲು ಮಾಂಸಖಂಡದ್ದೇ ಇರುತ್ತದೆ. ಅಷ್ಟಕ್ಕೂ ತಲುಪಬೇಕೆಂದರೆ ರಾಶಿ ರಾಶಿ ವೈರಸ್ ಬೇಕು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಲೆವಿಡಿಸ್ ಅನ್ನುವ ಡುಶೆನ್ ಔಷಧಿಯಲ್ಲಿ ಒಂದು ಕಿಲೋ ತೂಕಕ್ಕೆ 133 ಲಕ್ಷ ಕೋಟಿ ಕಣ ಹಾಕುತ್ತಾರೆ. ಹೋಲಿಕೆಗೆ ನೋಡಿ, ಹುಟ್ಟು ಕುರುಡಿನ ಒಂದು ಬಗೆಗೆ 2017ರಲ್ಲಿ ಬಂದ ಲಕ್ಸ್‌ಟರ್ನಾದಲ್ಲಿ ಒಂದು ಕಣ್ಣಿಗೆ ಒಟ್ಟು 15 ಸಾವಿರ ಕೋಟಿ ಕಣ ಸಾಕು. ಯಾಕೆಂದರೆ ಅಲ್ಲಿ ಸೂಜಿಯೇ ನೇರ ರೆಟಿನಾದ ಕೆಳಗೆ ಹೋಗುತ್ತದೆ, ದಾರಿ ಹುಡುಕುವ ಕೆಲಸ ವೈರಸ್‌ಗಿಲ್ಲ. ಮಾಂಸಖಂಡಕ್ಕೆ ಹಾಗೆ ಚುಚ್ಚುತ್ತಾ ಹೋಗಲು ಆಗುತ್ತದಾ?

ಅಷ್ಟು ಕಣದಲ್ಲಿ ದೊಡ್ಡ ಪಾಲು ಲಿವರ್ ಹೊರಬೇಕು. 2025ರಲ್ಲಿ ಆ ಔಷಧಿ ಪಡೆದ, ಆಗಲೇ ನಡೆಯುವುದು ನಿಂತಿದ್ದ ಇಬ್ಬರು ಹುಡುಗರು ಲಿವರ್ ಕೈಕೊಟ್ಟು ತೀರಿಕೊಂಡರು. ಇದನ್ನು ನಿಮಗೆ ಹೇಳದೇ ಇರುವುದು ತಪ್ಪಾಗುತ್ತದೆ.

ಇನ್ನೊಂದು ಕಷ್ಟ ಜಾಗದ್ದು. ಎಎವಿ ಚಿಪ್ಪಿನಲ್ಲಿ ಸುಮಾರು 4,700 ಅಕ್ಷರಗಳ ಡಿಎನ್‌ಎ ಹಿಡಿಯುತ್ತದೆ. ಡುಶೆನ್ ಮಕ್ಕಳಲ್ಲಿ ಇಲ್ಲದಿರುವ ಡಿಸ್ಟ್ರೋಫಿನ್ ಪ್ರೋಟೀನಿನ ಪಾಠವೇ 11 ಸಾವಿರ ಅಕ್ಷರ. ಅದಕ್ಕೆ ನಡುವಿನ ಭಾಗಗಳನ್ನು ತೆಗೆದು ಮುಖ್ಯವಾದದ್ದನ್ನು ಮಾತ್ರ ಇಟ್ಟು ಮೈಕ್ರೋಡಿಸ್ಟ್ರೋಫಿನ್ ಮಾಡಿದ್ದಾರೆ. ಅದು ಪೂರ್ತಿ ಪ್ರೋಟೀನಿನ ಕೆಲಸವನ್ನೆಲ್ಲ ಮಾಡುವುದಿಲ್ಲ.

ಈಗ ಸಮಾಧಾನದ ಮಾತು, ಇದೂ ನಿಜವೇ. 2021ರಲ್ಲಿ ಮಯೋಎಎವಿ ಅನ್ನುವ ಚಿಪ್ಪುಗಳ ಗುಂಪು ಬಂತು. ಜಗಳೂರು ಅಣ್ಣ ಹೇಳಿದ ತೆನೆ ಆರಿಸುವ ದಾರಿಯಲ್ಲೇ, ಮಾಂಸಖಂಡದಲ್ಲಿ ಆರಿಸಿದ್ದು. ಗೆದ್ದು ಬಂದವುಗಳನ್ನು ಓದಿದರೆ ಮೇಲಿನ ಸಾಲಿನಲ್ಲಿದ್ದ ಎಲ್ಲದರಲ್ಲೂ ಆರ್, ಜಿ, ಡಿ ಅನ್ನುವ ಮೂರು ಅಕ್ಷರ, ಅಂದರೆ ಮೂರು ಅಮೈನೋ ಆಮ್ಲ, ಒಟ್ಟಿಗೆ ಇತ್ತು. ಮಾಂಸಖಂಡದ ಕೋಶದ ಮೇಲೆ ಇಂಟೆಗ್ರಿನ್ ಅನ್ನುವ ಪ್ರೋಟೀನ್ ಇರುತ್ತದೆ, ಈ ಮೂರಕ್ಷರ ಅದರ ಕೈ ಹಿಡಿಯುತ್ತದೆ. ಇಲಿಯಲ್ಲಿ ಮೊದಲಿಗಿಂತ ತುಂಬಾ ಕಮ್ಮಿ ಡೋಸ್‌ನಲ್ಲೇ ಕೆಲಸ ಆಯಿತು, ಲಿವರ್‌ಗೆ ಹೋಗುವುದೂ ಇಳಿಯಿತು. ಅದೇ ದಾರಿಯ ಮುಂದಿನ ಚಿಪ್ಪುಗಳು ಕೋತಿಯಲ್ಲೂ ಮಾಂಸಖಂಡಕ್ಕೆ ಚೆನ್ನಾಗಿ ಹೋದವು. ಇಂಟೆಗ್ರಿನ್ ಇಲಿಯಲ್ಲೂ ಇದೆ, ಕೋತಿಯಲ್ಲೂ ಇದೆ, ನಮ್ಮಲ್ಲೂ ಇದೆ. ಎಲ್‌ವೈ6ಎ ಕತೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಹೊಳಲ್ಕೆರೆ ಅಪ್ಪ:

ಮೂರಕ್ಷರದ ಮಾತು ಮನಸ್ಸಿನಲ್ಲಿ ನಿಂತಿತು. ನಾಳೆಯೇ ಬರುತ್ತದೆ ಅಂತ ನಾನು ಅಂದುಕೊಂಡಿಲ್ಲ. ಏನು ನಡೆಯುತ್ತಿದೆ ಅಂತ ಗೊತ್ತಾದರೆ ಸಾಕು ನನಗೆ.

ಹರಿಹರದ ಸಿಸ್ಟರ್:

ನಾನು ನರ್ಸ್, ಮಕ್ಕಳ ವಾರ್ಡಿನಲ್ಲಿ 18 ವರ್ಷ. ಮೇಷ್ಟ್ರು ಓಬವ್ವನ ಮಾತು ಹೇಳಿದ್ದಕ್ಕೆ ಸೇರಿಸುತ್ತೇನೆ.

ಎಎವಿ ನಮ್ಮ ಸುತ್ತಲೂ ಇರುವ ವೈರಸ್. ಚಿಕ್ಕಂದಿನಲ್ಲೇ ತುಂಬಾ ಜನಕ್ಕೆ ತಗುಲಿ, ಗೊತ್ತೇ ಆಗದೆ ಹೋಗಿರುತ್ತದೆ. ಅವರ ರಕ್ತದಲ್ಲಿ ಆಂಟಿಬಾಡಿ ಇದ್ದೇ ಇರುತ್ತದೆ. ಅಂಥವರಿಗೆ ಔಷಧಿ ಹಾಕಿದರೆ ಕೋಶ ತಲುಪುವ ಮೊದಲೇ ವೈರಸ್ ಹೊಡೆತ ತಿನ್ನುತ್ತದೆ. ಅದಕ್ಕೇ ಈ ಬಗೆಯ ಹೆಚ್ಚಿನ ಚಿಕಿತ್ಸೆಗಳಲ್ಲಿ ಮೊದಲು ಆಂಟಿಬಾಡಿ ಪರೀಕ್ಷೆ ಮಾಡುತ್ತಾರೆ. ಒಮ್ಮೆ ಹಾಕಿದ ಮೇಲಂತೂ ಆಂಟಿಬಾಡಿ ಗುಡ್ಡದಷ್ಟು ಏರುತ್ತದೆ, ಅದೇ ಚಿಪ್ಪಿನಲ್ಲಿ ಎರಡನೇ ಸಲ ಕೊಡಲು ಆಗುವುದಿಲ್ಲ. ಇರುವುದು ಒಂದೇ ಅವಕಾಶ. ಹಾಗಾಗಿ ಯಾವ ಚಿಪ್ಪು, ಯಾವಾಗ ಅನ್ನುವುದು ಸಣ್ಣ ತೀರ್ಮಾನವಲ್ಲ.

ಎಸ್‌ಎಂಎ ಅಂದರೆ ಬೆನ್ನುಹುರಿಯ ನರಕೋಶ ಸಾಯುತ್ತಾ ಮಾಂಸಖಂಡ ಸೋಲುವ ಕಾಯಿಲೆ. ಅದು ಇರುವ ಮಕ್ಕಳಿಗೆ ಕೊಡುವ ಜೋಲ್ಜೆನ್ಸ್ಮಾ ಅನ್ನುವ ಜೀನ್ ಔಷಧಿಯಲ್ಲಿ ಹಿಂದಿನ ದಿನದಿಂದಲೇ ಸ್ಟೆರಾಯ್ಡ್ ಶುರು ಮಾಡುತ್ತಾರೆ. ಲಿವರ್ ಪರೀಕ್ಷೆ ಮೊದಲು ವಾರಕ್ಕೊಮ್ಮೆ, ಆಮೇಲೆ ಅಂತರ ಬಿಟ್ಟು. ಔಷಧಿ ಬೇಕಿರುವುದು ಬೆನ್ನುಹುರಿಯ ನರಕೋಶಕ್ಕೆ, ಕಾಯಬೇಕಾದದ್ದು ಲಿವರನ್ನು.

ನಿಟ್ಟುವಳ್ಳಿ ಅಕ್ಕ, ಇನ್ನೊಂದು ಮಾತು. ನಿಮ್ಮ ತಮ್ಮನಿಗೆ ಯಾರೂ ಮಾಂಸಖಂಡಕ್ಕೆ ಇಂಜೆಕ್ಷನ್ ಕೊಡದ ಹಾಗೆ ನೋಡಿಕೊಳ್ಳಿ. ಒಂದು ಕಡೆ ಜ್ವರ ಅಂತ ಹೋದ ಹಿಮೋಫಿಲಿಯಾ ಹುಡುಗನಿಗೆ ಸೊಂಟಕ್ಕೆ ಚುಚ್ಚಿ ಕಳಿಸಿದ್ದರು. ಒಳಗೇ ರಕ್ತ ಸೋರಿ ನಮ್ಮ ಹತ್ತಿರ ಬರುವಾಗ ತೊಡೆ ಕುಂಬಳಕಾಯಿಯಂತೆ ಊದಿತ್ತು.

ನಿಟ್ಟುವಳ್ಳಿ ಅಕ್ಕ:

ಸಿಸ್ಟರ್, ಅದು ನಮಗೂ ಒಮ್ಮೆ ಆಗಿದೆ, ಅವನು ಆರನೇ ಕ್ಲಾಸಿನಲ್ಲಿದ್ದಾಗ. ಈಗ ಅವನ ಪರ್ಸಿನಲ್ಲೇ ಕಾರ್ಡ್ ಇಟ್ಟಿದ್ದೇನೆ.

ತಂಗಿ, ಹಾಗಾದರೆ ನಮ್ಮ ಹಿಮೋಫಿಲಿಯಾ ಎ ವಿಷಯ ಸುಲಭ ಅಂತಲಾ? ಲಿವರ್‌ಗೆ ಹೋಗುತ್ತದೆ, ಅಲ್ಲೇ ಫ್ಯಾಕ್ಟರ್ ಬರುತ್ತದೆ, ಮುಗಿಯಿತು?

ಲ್ಯಾಬ್ ತಂಗಿ:

ಅಷ್ಟು ಸುಲಭ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಕ್ಕ. ಹಿಮೋಫಿಲಿಯಾ ಬಿ ಸ್ವಲ್ಪ ಸಲೀಸು. ಅದರಲ್ಲಿ ಕೊರತೆ ಇರುವುದು ಫ್ಯಾಕ್ಟರ್ 9ರದ್ದು. ಫ್ಯಾಕ್ಟರ್ 9ರ ಜೀನ್ ಪುಟ್ಟದು, ಚಿಪ್ಪಿನಲ್ಲಿ ಆರಾಮಾಗಿ ಕೂರುತ್ತದೆ. ಇಟಲಿಯ ಪಡುವಾದಲ್ಲಿ ಸಿಕ್ಕ ಒಂದು ಬಗೆಯ ಫ್ಯಾಕ್ಟರ್ 9 ಮಾಮೂಲಿಗಿಂತ ಸುಮಾರು ಎಂಟು ಪಟ್ಟು ಚುರುಕು, ಅದನ್ನೇ ಇಡುತ್ತಾರೆ. ಹೆಮ್‌ಜೆನಿಕ್ಸ್ ಅಂತ ಆ ಔಷಧಿ 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ನಿಮ್ಮದು ಎ. ಫ್ಯಾಕ್ಟರ್ 8ರ ಪಾಠ 7 ಸಾವಿರ ಅಕ್ಷರ. ನಡುವಿನ ಬಿ ಭಾಗ ತೆಗೆದರೂ 4,400 ಆಸುಪಾಸು, ಚಿಪ್ಪಿನಲ್ಲಿ ಉಸಿರಾಡಲೂ ಜಾಗ ಇರುವುದಿಲ್ಲ. ರೊಕ್ಟೇವಿಯನ್ ಅನ್ನುವ ಔಷಧಿ 2023ರಲ್ಲಿ ಅಮೆರಿಕದಲ್ಲಿ ಬಂತು, ಆದರೆ ವರ್ಷ ಕಳೆದ ಹಾಗೆ ಫ್ಯಾಕ್ಟರ್ ಮಟ್ಟ ಇಳಿಯುತ್ತಾ ಬರುತ್ತದೆ.

ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ಒಂದು ಅನುಮಾನ ಇದೆ, ಅದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ನಮ್ಮ ಮೈಯಲ್ಲಿ ಫ್ಯಾಕ್ಟರ್ 8 ತಯಾರಾಗುವುದು ಲಿವರ್‌ನಲ್ಲಿ ಹೌದು, ಆದರೆ ಲಿವರ್‌ನ ಮುಖ್ಯ ಕೋಶದಲ್ಲಿ ಅಲ್ಲ. ನಾನು ಜರಡಿ ಅಂದೆನಲ್ಲ, ಆ ರಕ್ತನಾಳದ ಒಳಗೋಡೆಯ ಕೋಶದಲ್ಲಿ. ಎಎವಿ ಹೋಗಿ ಕೂರುವುದು ಗೋಡೆ ದಾಟಿ ಹಿಂದಿರುವ ಹೆಪಟೋಸೈಟ್‌ನಲ್ಲಿ, ಅಂದರೆ ಆ ಮುಖ್ಯ ಕೋಶದಲ್ಲಿ. ಅಭ್ಯಾಸ ಇಲ್ಲದವರ ಕೈಗೆ ಕೆಲಸ ಕೊಟ್ಟ ಹಾಗೆ ಆಗುತ್ತದೆ. ಮಾಡುತ್ತವೆ, ಆದರೆ ದಣಿಯುತ್ತವೆ. ನಮ್ಮಮ್ಮ ಬೆಣ್ಣೆ ದೋಸೆ ಹೆಂಚನ್ನು ಯಾರ ಕೈಗೂ ಕೊಡುವುದಿಲ್ಲ, ಅದು ನೆನಪಾಗುತ್ತದೆ. ಸರಿಯಾದ ಅಂಗ ಸಿಕ್ಕಿದರೆ ಸಾಲದು, ಸರಿಯಾದ ಕೋಶವೇ ಸಿಗಬೇಕು ಅನ್ನುವುದು ಇದಕ್ಕೇ.

ಈಗ ವೆಲ್ಲೂರಿನ ಮಾತು. ಅಲ್ಲಿನ ಸಿಎಂಸಿ ಆಸ್ಪತ್ರೆಯವರು ದಾರಿಯನ್ನೇ ಬದಲಿಸಿದರು. ರೋಗಿಯ ರಕ್ತದ ಕಾಂಡಕೋಶಗಳನ್ನು, ಅಂದರೆ ರಕ್ತದ ಕೋಶಗಳನ್ನೆಲ್ಲ ಹುಟ್ಟಿಸುವ ತಾಯಿಕೋಶಗಳನ್ನು, ಹೊರಗೆ ತೆಗೆದರು. ಲ್ಯಾಬಿನಲ್ಲಿ ಲೆಂಟಿವೈರಸ್ ಅನ್ನುವ ಬೇರೆ ವೈರಸ್ ಬಳಸಿ ಫ್ಯಾಕ್ಟರ್ 8ರ ಜೀನ್ ಸೇರಿಸಿದರು. ಕೀಮೋ ಕೊಟ್ಟು ಮೂಳೆಯ ಮಜ್ಜೆಯಲ್ಲಿ ಜಾಗ ಮಾಡಿ, ಆ ಕೋಶಗಳನ್ನು ವಾಪಸ್ ಬಿಟ್ಟರು. ವೈರಸ್ ದಾರಿ ಹುಡುಕುವ ಪ್ರಶ್ನೆಯೇ ಇಲ್ಲ, ಬೇಕಾದ ಕೋಶ ತಟ್ಟೆಯಲ್ಲೇ ಇದೆ. ಆ ಕೋಶಗಳ ಸಂತತಿಯಲ್ಲಿ ಮಾನೋಸೈಟ್‌ನಂಥ ಒಂದು ಬಗೆಯ ಬಿಳಿ ರಕ್ತಕೋಶದಲ್ಲಿ ಮಾತ್ರ ಆನ್ ಆಗುವ ಸಿಡಿ68 ಪ್ರೊಮೋಟರ್ ಇಟ್ಟಿದ್ದರು. ಐದು ಜನರ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಚಿಕಿತ್ಸೆ ಆದ ಮೇಲೆ ಗಮನಿಸಿದ ಅವಧಿಯಲ್ಲಿ ಐದೂ ಜನರಿಗೆ ರಕ್ತಸ್ರಾವ ಆಗಲಿಲ್ಲ.

ಐದೇ ಜನ ಅನ್ನುವುದನ್ನು ಮರೆಯಬೇಡಿ. ಕೀಮೋ ಅಂದರೆ ತಮಾಷೆಯೂ ಅಲ್ಲ. ಆದರೂ ಆ ವರದಿ ಓದಿದ ದಿನ ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ.

ಪಿ.ಬಿ. ರೋಡ್ ಗೆಳೆಯ:

ಎಲ್ಲರ ಮೇಲೂ ಗೌರವ ಇಟ್ಟೇ ಒಂದು ಮಾತು. ಹೆಮ್‌ಜೆನಿಕ್ಸ್ ಬೆಲೆ ಅಮೆರಿಕದಲ್ಲಿ 35 ಲಕ್ಷ ಡಾಲರ್. ಎಸ್‌ಎಂಎ ಮಕ್ಕಳಿಗೆ 16 ಕೋಟಿ ರೂಪಾಯಿ ಅಂತ ಜನ ಬೀದಿ ಬೀದಿಯಲ್ಲಿ ಚಂದಾ ಎತ್ತಿದ್ದನ್ನು ನೋಡಿದ್ದೇವೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಸಿಗುವ ನೆರವು 50 ಲಕ್ಷದವರೆಗೆ. ಇಲ್ಲಿ ಎಷ್ಟೋ ಕಡೆ ಫ್ಯಾಕ್ಟರೇ ಸಮಯಕ್ಕೆ ಸಿಗುವುದಿಲ್ಲ. ಮೊದಲು ಅದು ಸರಿಯಾಗಲಿ, ಆಮೇಲೆ ಚಿಪ್ಪು ಕೆತ್ತೋಣ ಅನಿಸುತ್ತದೆ.

ಹರಿಹರದ ಸಿಸ್ಟರ್:

ಫ್ಯಾಕ್ಟರ್ ಮೊದಲು ಅನ್ನುವುದಕ್ಕೆ ನನ್ನ ಎರಡೂ ಕೈ ಮೇಲಕ್ಕೆ. ಜೀನ್ ಚಿಕಿತ್ಸೆ ಬರುವ ತನಕ ಕೀಲು ಉಳಿದಿರಬೇಕಲ್ಲ. ಒಮ್ಮೆ ಕೀಲು ಸವೆದರೆ ಯಾವ ಜೀನೂ ಅದನ್ನು ವಾಪಸ್ ತರುವುದಿಲ್ಲ.

ಲ್ಯಾಬ್ ತಂಗಿ:

ಅಣ್ಣ, ಬೆಲೆಯ ಮಾತು ನೂರಕ್ಕೆ ನೂರು ಸರಿ. ಆದರೆ ಚಿಪ್ಪು ಕೆತ್ತುವುದಕ್ಕೂ ಬೆಲೆಗೂ ಸಂಬಂಧ ಇದೆ. ವೈರಸ್ ಬೆಳೆಸುವುದು, ಶುದ್ಧ ಮಾಡುವುದು, ಜೀನ್ ಇಲ್ಲದ ಖಾಲಿ ಚಿಪ್ಪುಗಳನ್ನು ಬೇರೆ ಮಾಡುವುದು, ಇದೇ ದುಬಾರಿ ಕೆಲಸ. ಸರಿಯಾದ ಕೋಶಕ್ಕೆ ಹೋಗುವ ಚಿಪ್ಪು ಸಿಕ್ಕಿ ಡೋಸ್ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದರೆ, ಬೆಳೆಸಬೇಕಾದದ್ದೂ ಅಷ್ಟೇ ಕಮ್ಮಿ, ಲಿವರ್ ಮೇಲಿನ ಭಾರವೂ ಕಮ್ಮಿ.

ನಮ್ಮಲ್ಲೇ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ರಕ್ತದ ಕ್ಯಾನ್ಸರ್‌ಗೆ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಲೆಂಟಿವೈರಸ್‌ನಿಂದಲೇ ಜೀನ್ ಸೇರಿಸುವ ಚಿಕಿತ್ಸೆ. ಬೆಲೆ ಅಮೆರಿಕದ ಅಂಥದ್ದೇ ಚಿಕಿತ್ಸೆಯ ಸುಮಾರು ಹತ್ತನೇ ಒಂದು ಭಾಗ. ಆದರೂ ಬಡವರಿಗೆ ಎಟುಕುವಂಥದ್ದಲ್ಲ, ಒಪ್ಪುತ್ತೇನೆ.

ಪಿ.ಬಿ. ರೋಡ್ ಗೆಳೆಯ:

ಡೋಸ್ ಇಳಿದರೆ ಖರ್ಚು ಇಳಿಯುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಫ್ಯಾಕ್ಟರ್ ವಿಷಯದಲ್ಲಿ ಜಿಲ್ಲಾಸ್ಪತ್ರೆಗೆ ಮನವಿ ಕೊಡುವುದಿದ್ದರೆ ನಾನೂ ಬರುತ್ತೇನೆ, ತಿಳಿಸಿ.

ದುರ್ಗದ ಮೇಷ್ಟ್ರು:

ತಂಗಿ, ಒಂದು ಸಂದೇಹ. ಚಿಕ್ಕ ಮಕ್ಕಳಿಗೇ ಬೇಗ ಕೊಟ್ಟುಬಿಟ್ಟರೆ ಕೀಲು ಹಾಳಾಗುವ ಮೊದಲೇ ವಾಸಿಯಾಗುತ್ತದಲ್ಲ. ಹಿಮೋಫಿಲಿಯಾದಲ್ಲಿ ಯಾಕೆ ದೊಡ್ಡವರಿಗೆ ಮಾತ್ರ?

ಲ್ಯಾಬ್ ತಂಗಿ:

ಎಎವಿ ಒಯ್ದ ಜೀನ್ ಹೆಚ್ಚಾಗಿ ನಮ್ಮ ಡಿಎನ್‌ಎಗೆ ಬೆಸೆದುಕೊಳ್ಳುವುದಿಲ್ಲ ಮೇಷ್ಟ್ರೇ. ಪಕ್ಕದಲ್ಲಿ ಉಂಗುರದ ಹಾಗೆ ಉಳಿಯುತ್ತದೆ. ಮಗುವಿನ ಲಿವರ್ ಬೆಳೆಯುವಾಗ ಕೋಶಗಳು ಎರಡಾಗುತ್ತಾ ಹೋಗುತ್ತವೆ, ಉಂಗುರ ಎರಡಾಗುವುದಿಲ್ಲ. ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದ ಹಾಗೆ ತೆಳ್ಳಗಾಗಿಬಿಡುತ್ತದೆ. ಎರಡನೇ ಡೋಸ್ ಕೊಡೋಣ ಅಂದರೆ ನಿಮ್ಮ ಓಬವ್ವ ನಿಂತಿರುತ್ತಾಳೆ. ಬೆನ್ನುಹುರಿಯ ನರಕೋಶ ಎರಡಾಗುವುದಿಲ್ಲ, ಅದಕ್ಕೇ ಎಸ್‌ಎಂಎನಲ್ಲಿ ಎಳೆಗೂಸಿಗೇ ಕೊಡುತ್ತಾರೆ. ಲೆಂಟಿವೈರಸ್ ಡಿಎನ್‌ಎಗೇ ಬೆಸೆಯುತ್ತದೆ, ಕೋಶ ಎರಡಾದರೆ ಜೀನೂ ಎರಡಾಗುತ್ತದೆ. ಆದರೆ ಎಲ್ಲಿ ಬೆಸೆಯುತ್ತದೆ ಅಂತ ವರ್ಷಗಟ್ಟಲೆ ಕಣ್ಣಿಡಬೇಕು. ಹಿಂದೆ ಫ್ರಾನ್ಸ್‌ನಲ್ಲಿ ಬೇರೊಂದು ಬಗೆಯ ವೈರಸ್ ಬಳಸಿದಾಗ ಅದು ತಪ್ಪು ಜಾಗದಲ್ಲಿ ಕೂತು ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು.

ನಿಟ್ಟುವಳ್ಳಿ ಅಕ್ಕ:

ನಿನ್ನೆ ರಾತ್ರಿ ಪೂರ್ತಿ ಚರ್ಚೆಯನ್ನು ತಮ್ಮನಿಗೆ ಓದಿ ಹೇಳಿದೆ. ಅಪ್ಪ ಟಿವಿ ಸೌಂಡ್ ಕಮ್ಮಿ ಮಾಡಿ ಕೇಳಿಸಿಕೊಂಡರು. ತಮ್ಮ ಒಂದೇ ಪ್ರಶ್ನೆ ಕೇಳಿದ. ಲಿವರ್‌ಗೆ ಹೊಸ ಜೀನ್ ಹೋದರೆ ಮುಂದೆ ಅವನಿಗೆ ಹುಟ್ಟುವ ಮಗಳು ಕ್ಯಾರಿಯರ್, ಅಂದರೆ ಕಾಯಿಲೆಯ ಜೀನ್ ಹೊತ್ತವಳು, ಆಗುವುದು ತಪ್ಪುತ್ತದಾ ಅಂತ. ನನಗೆ ಉತ್ತರ ಗೊತ್ತಿರಲಿಲ್ಲ.

ಲ್ಯಾಬ್ ತಂಗಿ:

ತಪ್ಪುವುದಿಲ್ಲ ಅಕ್ಕ. ಚಿಕಿತ್ಸೆ ಲಿವರ್‌ಗೋ ರಕ್ತಕ್ಕೋ ಸೇರಿದ್ದು, ವೀರ್ಯ ತಯಾರಾಗುವ ಕೋಶಕ್ಕೆ ಹೋಗಬಾರದು ಅಂತಲೇ ಎಲ್ಲ ಎಚ್ಚರಿಕೆ ಇರುವುದು. ಔಷಧಿ ಕೊಟ್ಟ ಮೇಲೆ ಕೆಲವು ತಿಂಗಳು ಮಗು ಬೇಡ ಅಂತ ಹೇಳುವುದೂ ಅದಕ್ಕೇ. ವೆಲ್ಲೂರಿನ ದಾರಿಯಲ್ಲಿ ಕೀಮೋ ಇರುವುದರಿಂದ ಮಕ್ಕಳಾಗುವ ವಿಷಯವನ್ನು ಮೊದಲೇ ಡಾಕ್ಟರ್ ಹತ್ತಿರ ಮಾತಾಡಬೇಕು. ಅವನ ಎಕ್ಸ್ ಕ್ರೋಮೋಸೋಮ್ ಮಗಳಿಗೆ ಹಾಗೇ ಹೋಗುತ್ತದೆ, ಅವಳು ಕ್ಯಾರಿಯರ್ ಆಗುತ್ತಾಳೆ. ಮಗನಾದರೆ ಅಪ್ಪನಿಂದ ಈ ಕಾಯಿಲೆ ಬರುವುದಿಲ್ಲ. ಮದುವೆಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ ಬನ್ನಿ, ಇಬ್ಬರೂ ಕೂತು ಕೇಳಿಸಿಕೊಳ್ಳುವುದು ಒಳ್ಳೆಯದು.

ನಿಟ್ಟುವಳ್ಳಿ ಅಕ್ಕ:

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಸರಿ ಅಂದ. ಮಂಡಿ ಊತ ಇಳಿದಿದೆ, ಇವತ್ತು ಕೋಲಿಲ್ಲದೆ ಗೇಟಿನವರೆಗೆ ನಡೆದ. ಸೋಮವಾರ ಸೊಸೈಟಿಗೆ ಹೋಗುತ್ತಿದ್ದೇವೆ. ಆಂಟಿಬಾಡಿ ಪರೀಕ್ಷೆ ಎಲ್ಲಿ ಮಾಡುತ್ತಾರೆ, ವೆಲ್ಲೂರಿನಲ್ಲಿ ಮುಂದಿನ ಪ್ರಯೋಗಕ್ಕೆ ಜನರನ್ನು ತೆಗೆದುಕೊಳ್ಳುತ್ತಾರಾ ಅಂತ ಎರಡು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಹೊಳಲ್ಕೆರೆ ಅಣ್ಣ, ಮಗನನ್ನು ಕರೆದುಕೊಂಡು ದಾವಣಗೆರೆಗೆ ಬಂದಾಗ ನಮ್ಮ ಮನೆಗೇ ಬನ್ನಿ. ಮೆಟ್ಟಿಲಿಲ್ಲದ ಮನೆ.